ಮಳೆ ಬಿದ್ದ ಮೇಲೆ ಸತ್ತ ಮೀನುಗಳು

ಇವತ್ತಿನದು ಒಂದು ಪತ್ತೇದಾರಿ ಕತೆ. ಜಾಗ ಅಮೆರಿಕದ ಸಿಯಾಟಲ್. ಸತ್ತದ್ದು ಮೀನು.

ಆ ಊರೊಳಗೆ ಲಾಂಗ್‌ಫೆಲೋ ಕ್ರೀಕ್ ಅಂತ ಒಂದು ಸಣ್ಣ ತೊರೆ ಇದೆ. ಕೊಹೊ ಅನ್ನೋ ಸಾಲ್ಮನ್ ಮೀನು ಇಂಥ ತೊರೆಗಳಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡೋಕೆ ವಾಪಸ್ ಬರುತ್ತದೆ. ಅದೂ ಜೀವಮಾನದಲ್ಲಿ ಒಂದೇ ಸಲ. 1990ರ ದಶಕದಲ್ಲಿ ಜನ ಕಷ್ಟಪಟ್ಟು ಅಲ್ಲಿನ ತೊರೆಗಳನ್ನು ಸರಿಪಡಿಸಿದರು. ಮೀನು ಬಂತು. ಆದರೆ ಜೋರು ಮಳೆಯಾದಾಗೆಲ್ಲ ಕೊಹೊಗಳು ಬಾಯಿ ಬಿಡುತ್ತಾ, ಗಿರಗಿರ ಸುತ್ತುತ್ತಾ, ಕೆಲವೇ ಗಂಟೆಗಳಲ್ಲಿ ಸತ್ತು ತೇಲುತ್ತಿದ್ದವು. ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆಗಳು ಹಾಗೇ ಇದ್ದವು. ಕೆಲವು ತೊರೆಗಳಲ್ಲಿ ಬಂದ ಮೀನುಗಳಲ್ಲಿ ಶೇಕಡಾ 40ರಿಂದ 90ರಷ್ಟು ಹೀಗೇ ಸಾಯುತ್ತಿದ್ದವು.

ರೋಗವೇ? ಕೀಟನಾಶಕವೇ? ನೀರಿನಲ್ಲಿ ಆಮ್ಲಜನಕ ಕಮ್ಮಿಯೇ? ಒಂದೊಂದನ್ನೇ ಪರೀಕ್ಷಿಸಿ ಕೈಬಿಟ್ಟರು. ಹೆದ್ದಾರಿಯಿಂದ ಹರಿದ ಮಳೆನೀರನ್ನು ತಂದು ಮೀನು ಬಿಟ್ಟರೆ ಮಾತ್ರ ಸಾಯುತ್ತಿದ್ದವು. ಅಂದರೆ ವಿಷ ಇರೋದು ರಸ್ತೆಯಲ್ಲಿ. ನಾವೆಲ್ಲ ಏನಂದ್ಕೊಳ್ತೀವಿ? ಹೊಗೆ, ಆಯಿಲ್, ಬ್ರೇಕಿನ ತಾಮ್ರ. ಯಾವುದೂ ಅಲ್ಲ.

ಕೊನೆಗೆ ಟೈರನ್ನು ತುರಿದು ನೀರಲ್ಲಿ ನೆನೆಸಿ ನೋಡಿದರು. ಮೀನು ಸತ್ತವು. ನಿಮ್ಮ ಕಾರಿನ ಹಳೇ ಟೈರ್ ಮುಟ್ಟಿ ನೋಡಿ, ಗೀರೆಲ್ಲ ಸವೆದಿರುತ್ತಲ್ಲ, ಆ ರಬ್ಬರ್ ಪುಡಿಯೆಲ್ಲ ರಸ್ತೆ ಬದಿಯಲ್ಲಿ ಕೂತಿದ್ದು ಮಳೆಗೆ ಚರಂಡಿ ಸೇರುತ್ತೆ. ಆದರೆ ಟೈರಿನ ನೀರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿದ್ದವು. ಅದನ್ನು ಭಾಗ ಮಾಡಿ, ಕೊಲ್ಲುವ ಭಾಗವನ್ನು ಮತ್ತೆ ಭಾಗ ಮಾಡಿ, ಕಡೆಗೆ ಒಂದು ವಸ್ತು ಉಳಿಯಿತು. 18 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕ. ಟೈರಿಗೆ ಹಾಕುವ ಪದಾರ್ಥಗಳ ಯಾವ ಪಟ್ಟಿಯಲ್ಲೂ ಇದು ಇರಲಿಲ್ಲ! ಝೆನ್ಯು ಟಿಯನ್ ಎಂಬ ಸಂಶೋಧಕರಿಗೆ ಆಗ ಹೊಳೆದದ್ದು: ಇದು ಹಾಕಿದ್ದಲ್ಲ, ಆಮೇಲೆ ಹುಟ್ಟಿದ್ದು.

ಟೈರಿಗೆ 6ಪಿಪಿಡಿ ಅಂತ ಒಂದು ವಸ್ತು ಹಾಕುತ್ತಾರೆ. ಗಾಳಿಯ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತೆ. ಈ ವಸ್ತು ಮೇಲೆ ಬಂದು ಓಝೋನಿಗೆ ತಾನೇ ಬಲಿಯಾಗಿ ಟೈರನ್ನು ಕಾಯುತ್ತೆ. ಆಗ ಹುಟ್ಟೋದೇ 6ಪಿಪಿಡಿ-ಕ್ವಿನೋನ್. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಎಷ್ಟು ಸಾಕು ಗೊತ್ತಾ? ಒಲಿಂಪಿಕ್ ಈಜುಕೊಳದಲ್ಲಿ 25 ಲಕ್ಷ ಲೀಟರ್ ನೀರು. ಅದಕ್ಕೆ ಸುಮಾರು ಕಾಲು ಗ್ರಾಂ ಬಿದ್ದರೆ ಅರ್ಧದಷ್ಟು ಕೊಹೊ ಸಾಯುತ್ತವೆ.

ವಿಚಿತ್ರ ಅಂದ್ರೆ, ಅದರ ಹತ್ತಿರದ ನೆಂಟ ಚಮ್ ಸಾಲ್ಮನ್ನಿಗೆ ಅದೇ ನೀರಲ್ಲಿ ಏನೂ ಆಗೋದಿಲ್ಲ. ರೇನ್‌ಬೋ ಟ್ರೌಟ್ ಮಾತ್ರ ಸಾಯುತ್ತೆ. ದೆಹಲಿಯವರು ಮನಾಲಿಗೆ ಹೋದಾಗ ತಟ್ಟೆಯಲ್ಲಿ ನೋಡಿರ್ತೀರಿ, ಹಿಮಾಚಲದಲ್ಲಿ ಸಾಕುತ್ತಾರಲ್ಲ, ಅದೇ ಮೀನು. ಇಲೆಕ್ಟ್ರಿಕ್ ಕಾರು ತಗೊಂಡ್ರೆ ಪಾಪ ಕಳೀತು ಅನ್ನೋರಿಗೆ ಒಂದು ಮಾತು: ಅದಕ್ಕೂ ನಾಲ್ಕು ಟೈರ್ ಇದೆ, ಬ್ಯಾಟರಿಯಿಂದ ತೂಕವೂ ಜಾಸ್ತಿ.

ಖುಷಿಯ ವಿಷಯವೂ ಉಂಟು. ವಿಷದ ಹೆಸರು ಗೊತ್ತಾಗೋಕೆ ಮುಂಚೆ, 2015ರಲ್ಲೇ, ಅದೇ ಹೆದ್ದಾರಿ ನೀರನ್ನು ಮರಳು, ಕಾಂಪೋಸ್ಟ್, ಮರದ ತೊಗಟೆ ಸೇರಿಸಿದ ಮಣ್ಣಿನ ಮೂಲಕ ಇಳಿಸಿ ಮೀನು ಬಿಟ್ಟಿದ್ದರು. ಮೀನುಗಳು ಬದುಕಿದವು. ನೀರು ಸೀದಾ ಪೈಪಿಗೆ ಹೋಗದೆ ಮಣ್ಣಿಗೆ ಇಳಿಯಬೇಕು, ಅಷ್ಟೇ. ನಾವು ಫುಟ್‌ಪಾತಿನ ಅಂಚಿನವರೆಗೂ ಕಾಂಕ್ರೀಟ್ ಸುರಿಯೋರು ಬಿಡಿ.

2023ರಲ್ಲಿ ಕ್ಯಾಲಿಫೋರ್ನಿಯಾ, ಟೈರ್ ಕಂಪನಿಗಳು 6ಪಿಪಿಡಿಗೆ ಬದಲಿ ಹುಡುಕಿ ನೋಡಲೇಬೇಕು ಅಂತ ನಿಯಮ ಮಾಡಿತು. ಸುಲಭವಲ್ಲ. ಹೆದ್ದಾರಿಯಲ್ಲಿ ಟೈರ್ ಸಿಡಿಯಬಾರದು. ಜೊತೆಗೆ ಈ ಸಲ ಬದಲಿ ವಸ್ತುವನ್ನಷ್ಟೇ ಅಲ್ಲ, ಅದು ಓಝೋನ್ ತಾಗಿದ ಮೇಲೆ ಏನಾಗುತ್ತೆ ಅನ್ನೋದನ್ನೂ ಮೀನಿನ ತೊಟ್ಟಿಯಲ್ಲಿ ಹಾಕಿ ನೋಡಬೇಕು.