ನೆರೆಯವರ ಕಾವಲು

ಊರಿನ ಕಾವಲು ಊರಿನವರಿಂದಲೇ ಆಗದಿದ್ದಾಗ ನೆರೆಯೂರಿನವರನ್ನು ಕರೆಯುವುದು ಲೋಕರೂಢಿ. ರಾಜಕೀಯ ಭ್ರಷ್ಟಾಚಾರದ ವಿಷಯದಲ್ಲಿಯೂ ಅಂಥ ಪ್ರಯತ್ನಗಳು ನಡೆದಿವೆ. ಲಂಚದ ಹಣಕ್ಕೆ ಗಡಿಯ ಹಂಗಿಲ್ಲ. ಒಂದು ದೇಶದಲ್ಲಿ ತೆಗೆದುಕೊಂಡದ್ದು ಇನ್ನೊಂದು ದೇಶದ ಬ್ಯಾಂಕಿನಲ್ಲಿ ಅಡಗಿರುತ್ತದೆ. ಅದನ್ನು ತಡೆಯಬೇಕಾದ ಶಾಸನಕರ್ತರು ಮಾತ್ರ ತಮ್ಮ ತಮ್ಮ ಗಡಿಯೊಳಗೆ ಕುಳಿತರೆ ಫಲವೇನು? ಈ ಯೋಚನೆಯಿಂದಲೇ 1999ರಲ್ಲಿ ಆಫ್ರಿಕದ ಸಂಸದರು ಉಗಾಂಡದ ಕಂಪಾಲದಲ್ಲಿ ಕಲೆತು ಭ್ರಷ್ಟಾಚಾರದ ವಿರುದ್ಧ ಒಂದು ಕೂಟವನ್ನು ಕಟ್ಟಿದರು. 2002ರಲ್ಲಿ ಕೆನಡದ ಒಟ್ಟಾವದಲ್ಲಿ ಅಂಥದೇ ಜಾಗತಿಕ ಸಂಘವೊಂದು ಹುಟ್ಟಿತು. ಯೋಚನೆ ಒಳ್ಳೆಯದೇ. ಆದರೆ ಕಾವಲಿಗೆ ಬಂದ ನೆರೆಯವರನ್ನೇ ಯಾರಾದರೂ ಕೊಂಡುಕೊಂಡರೆ ಏನು ಗತಿ? ಯೂರೋಪಿನಲ್ಲಿ ನಡೆದ ಒಂದು ಪ್ರಸಂಗದ ಮೂಲಕ ಈ ಪ್ರಶ್ನೆಯನ್ನು ವಿಚಾರ ಮಾಡಬಹುದು.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯೂರೋಪ್ ಪರಿಷತ್ತು ಇದೆ. 1949ರಲ್ಲಿ ಸ್ಥಾಪಿತವಾದ ಇದು ಯೂರೋಪಿಯನ್ ಒಕ್ಕೂಟಕ್ಕಿಂತ ಹಳೆಯದು, ವಿಸ್ತಾರದಲ್ಲಿ ದೊಡ್ಡದು. ಇದರ ಸಂಸದೀಯ ಸಭೆಗೆ ಮತದಾರರು ಯಾರನ್ನೂ ನೇರವಾಗಿ ಆರಿಸುವುದಿಲ್ಲ; ಪ್ರತಿ ದೇಶದ ಸಂಸತ್ತೂ ತನ್ನ ಸದಸ್ಯರಲ್ಲಿ ಕೆಲವರನ್ನು ಕಳುಹಿಸುತ್ತದೆ. ಅವರು ವರ್ಷಕ್ಕೆ ನಾಲ್ಕು ಬಾರಿ ಒಂದೊಂದು ವಾರ ಸೇರುತ್ತಾರೆ. ಶಾಸನ ಮಾಡುವ ಅಧಿಕಾರ ಅವರಿಗಿಲ್ಲ. ವರದಿ, ಚರ್ಚೆ, ನಿರ್ಣಯ, ಇವಿಷ್ಟೇ ಅವರ ಆಯುಧ; ನೈತಿಕ ಪ್ರತಿಷ್ಠೆಯೇ ಅವರ ಬಂಡವಾಳ. ಭ್ರಷ್ಟಾಚಾರದ ವಿಷಯದಲ್ಲಿ ದೇಶಗಳು ಒಂದನ್ನೊಂದು ಪರೀಕ್ಷಿಸುವ 'ಗ್ರೆಕೊ' ಎಂಬ ಸಂಸ್ಥೆಯೂ 1999ರಿಂದ ಇದೇ ಪರಿಷತ್ತಿನ ಆಶ್ರಯದಲ್ಲಿದೆ. 2012ರಲ್ಲಿ ಅದು ದೇಶದೇಶಗಳ ಸಂಸದರ ನಡತೆಯ ನಿಯಮಗಳನ್ನು ಪರಿಶೀಲಿಸತೊಡಗಿತು.

ಅದೇ ವರ್ಷ ಒಂದು ಅಧ್ಯಯನ ಸಂಸ್ಥೆ ಕಹಿಯಾದ ವರದಿಯೊಂದನ್ನು ಪ್ರಕಟಿಸಿತು. 2001ರಲ್ಲಿ ಪರಿಷತ್ತನ್ನು ಸೇರಿದ ಅಜರ್‌ಬೈಜಾನ್ ತನ್ನ ಮೇಲಿನ ಟೀಕೆಯನ್ನು ಅಡಗಿಸಲು ಸಭೆಯ ಸದಸ್ಯರನ್ನು ಉಡುಗೊರೆ, ಪ್ರವಾಸಗಳಿಂದ ಒಲಿಸಿಕೊಳ್ಳುತ್ತಿದೆ ಎಂಬುದು ಅದರ ಆರೋಪ. ಕ್ಯಾಸ್ಪಿಯನ್ ಸಮುದ್ರದ ಮೀನಿನ ಮೊಟ್ಟೆಯಾದ ಕ್ಯಾವಿಯರ್ ಬಹು ದುಬಾರಿಯ ತಿನಿಸು. ಆದ್ದರಿಂದ ಈ ವ್ಯವಹಾರಕ್ಕೆ 'ಕ್ಯಾವಿಯರ್ ರಾಜತಂತ್ರ' ಎಂಬ ಹೆಸರು ಬಿತ್ತು. 2013ರ ಜನವರಿ 23ರಂದು ಆ ದೇಶದ ರಾಜಕೀಯ ಕೈದಿಗಳನ್ನು ಕುರಿತ ನಿರ್ಣಯ ಸಭೆಯಲ್ಲಿ ಮತಕ್ಕೆ ಬಂದಿತು. ಪರವಾಗಿ 79 ಮತ, ವಿರೋಧವಾಗಿ 125. ನಿರ್ಣಯ ಬಿದ್ದುಹೋಯಿತು. ಎರಡು ವಾರ ಕಳೆಯುವ ಮೊದಲೇ ಬಾಕು ನಗರದಲ್ಲಿ ವಿರೋಧ ಪಕ್ಷದ ಇಲ್ಗರ್ ಮಮ್ಮದೋವ್ ಬಂಧಿತರಾದರು. ಟೀಕಾಕಾರನ ಬಾಯಿ ಮುಚ್ಚಿಸುವುದೇ ಆ ಬಂಧನದ ನಿಜವಾದ ಉದ್ದೇಶವೆಂದು 2014ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. ಆದರೂ ಅವರು ಸೆರೆಯಿಂದ ಹೊರಬಂದದ್ದು 2018ರ ಆಗಸ್ಟಿನಲ್ಲಿ.

ಆ 125 ಮತಗಳೂ ವಿಕ್ರಯವಾದವೆಂದು ಹೇಳುವುದು ಅನ್ಯಾಯವಾದೀತು. ಪ್ರಾಮಾಣಿಕ ಭಿನ್ನಾಭಿಪ್ರಾಯವೂ ಅವುಗಳಲ್ಲಿ ಇದ್ದಿರಬೇಕು. ಆದರೆ ಯಾವುದು ಅಭಿಪ್ರಾಯ, ಯಾವುದು ಋಣಸಂದಾಯ ಎಂದು ಬೇರ್ಪಡಿಸಿ ನೋಡಲಾಗದ ಸ್ಥಿತಿ ಉಂಟಾದದ್ದೇ ಸಭೆಗೆ ಒದಗಿದ ದೊಡ್ಡ ನಷ್ಟ.

ಮುಂದೆ ಇಟಲಿಯ ಮಾಜಿ ಸದಸ್ಯರೊಬ್ಬರ ಕಡೆಗೆ ಅಜರ್‌ಬೈಜಾನಿನಿಂದ 20 ಲಕ್ಷ ಯೂರೋಗಳಿಗೂ ಮಿಕ್ಕ ಹಣ ಹರಿಯಿತೆಂಬ ಆಪಾದನೆ ನ್ಯಾಯಾಲಯವನ್ನು ಮುಟ್ಟಿತು. ಮಿಲಾನಿನ ನ್ಯಾಯಾಲಯ 2021ರಲ್ಲಿ ಮೊದಲ ಹಂತದ ವಿಚಾರಣೆ ಮುಗಿಸಿ ನಾಲ್ಕು ವರ್ಷಗಳ ಶಿಕ್ಷೆಯನ್ನು ವಿಧಿಸಿತು. ಇದಕ್ಕೂ ಮೊದಲೇ ಸಭೆಯೊಳಗೆ ಕೆಲವರು ಎದ್ದು ನಿಂತಿದ್ದರು. ನೆದರ್ಲೆಂಡ್ಸಿನ ಪೀಟರ್ ಓಮ್ಟ್‌ಸಿಗ್ಟ್, ಜರ್ಮನಿಯ ಫ್ರಾಂಕ್ ಶ್ವಾಬೆ ಅವರಲ್ಲಿ ಮುಖ್ಯರು. ಇಬ್ಬರ ಪಕ್ಷಗಳೂ ಬೇರೆ. ಅದಕ್ಕಿಂತ ಗಮನಾರ್ಹವೆಂದರೆ, ಓಮ್ಟ್‌ಸಿಗ್ಟ್ ಆಪಾದಿತರ ಬಣಕ್ಕೇ ಸೇರಿದವರು. ಎದುರಾಳಿಯ ತಪ್ಪನ್ನು ಎತ್ತಿ ತೋರಿಸುವುದು ರಾಜಕಾರಣದಲ್ಲಿ ದಿನಬಳಕೆಯ ಮಾತು; ತನ್ನ ಪಂಕ್ತಿಯಲ್ಲಿ ಕುಳಿತವನ ಎಲೆಯ ಕಡೆಗೆ ಬೆರಳು ತೋರಿಸುವುದು ಕಷ್ಟ.

ಅವರ ಒತ್ತಾಯದ ಫಲವಾಗಿ 2017ರಲ್ಲಿ ಸಭೆ ಸ್ವತಂತ್ರ ತನಿಖೆಗೆ ಒಪ್ಪಿತು. ಮಾನವ ಹಕ್ಕುಗಳ ನ್ಯಾಯಾಲಯದ ಅಧ್ಯಕ್ಷರಾಗಿದ್ದ ನಿಕೊಲಸ್ ಬ್ರಾಟ್ಜಾ ಅವರೂ ಸೇರಿದಂತೆ ಮೂವರನ್ನು ಹೊರಗಿನಿಂದ ನೇಮಿಸಲಾಯಿತು. 2018ರ ಏಪ್ರಿಲಿನಲ್ಲಿ ಬಂದ ಅವರ ವರದಿ, ಕೆಲವು ಸದಸ್ಯರ ನಡೆಯಲ್ಲಿ ಭ್ರಷ್ಟಾಚಾರದ ಬಲವಾದ ಶಂಕೆಗೆ ಆಧಾರವಿದೆ ಎಂದು ಹೆಸರುಗಳ ಸಮೇತ ಹೇಳಿತು. ಹತ್ತಕ್ಕೂ ಹೆಚ್ಚು ಮಾಜಿ ಸದಸ್ಯರಿಗೆ ಆ ಕಟ್ಟಡದ ಬಾಗಿಲು ಜೀವಾವಧಿ ಮುಚ್ಚಿತು. 2024ರ ಜನವರಿಯಲ್ಲಿ ಇದೇ ಸಭೆ ಅಜರ್‌ಬೈಜಾನ್ ನಿಯೋಗದ ಅಧಿಕಾರಪತ್ರಗಳಿಗೆ ಮಾನ್ಯತೆ ನಿರಾಕರಿಸಿತು.

ಇಷ್ಟು ದೊಡ್ಡ ಸಭೆ ಇಷ್ಟು ಸುಲಭವಾಗಿ ಕೆಟ್ಟದ್ದು ಹೇಗೆ? ದೂರವೇ ಅದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ತನ್ನ ಊರಿನ ರಸ್ತೆಗೆ ಹಣ ಬಂತೇ ಎಂದು ಮತದಾರ ಕೇಳುತ್ತಾನೆ; ತನ್ನ ಪ್ರತಿನಿಧಿ ಸ್ಟ್ರಾಸ್‌ಬರ್ಗಿನಲ್ಲಿ ಯಾರ ಪರವಾಗಿ ಕೈಯೆತ್ತಿದನೆಂದು ಕೇಳುವುದಿಲ್ಲ. ಕೇಳುವವರಿಲ್ಲದ ಮತವನ್ನು ಕೊಳ್ಳಲು ಹೆಚ್ಚು ಶ್ರಮ ಬೇಕಿಲ್ಲ. ಆದ್ದರಿಂದ ಗಡಿ ದಾಟಿ ಕೂಡುವ ಶಾಸನಕರ್ತರು ಇತರರನ್ನು ಪರೀಕ್ಷಿಸುವ ಮೊದಲು ತಮ್ಮ ಪ್ರವಾಸ, ಉಡುಗೊರೆ, ಸಂಬಂಧಗಳ ಲೆಕ್ಕವನ್ನು ತೆರೆದಿಡಬೇಕು; ಶಂಕೆ ಬಂದಾಗ ತನಿಖೆಯನ್ನು ಹೊರಗಿನವರಿಗೆ ಒಪ್ಪಿಸಬೇಕು. ಅವರನ್ನು ಕಳುಹಿಸಿದ ಜನರೂ, ಅಲ್ಲಿ ಏನು ಮಾಡಿ ಬಂದಿರಿ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ದೂರದ ಸಭೆಯೊಂದರ ಮತಗಣನೆ ನಮಗೆ ಕೇವಲ ಅಂಕಿಯಾಗಿ ಕಾಣಬಹುದು. ಬಾಕುವಿನ ಸೆರೆಮನೆಯಲ್ಲಿದ್ದವರಿಗೆ ಅದು ಬದುಕಿನ ಐದು ವರ್ಷಗಳ ಪ್ರಶ್ನೆಯಾಗಿತ್ತು.