ಹೊಸ ಕಂಪ್ಯೂಟರಿಗೆ ಯಾವ ಡಿಸ್ಕ್?



ಹೊಸ ಕಂಪ್ಯೂಟರ್ ಕೊಳ್ಳಲು ಹೋದಾಗ ‘ಸಾಟಾ ಬೇಕೋ, ಎನ್‌ವಿಎಂಇ ಬೇಕೋ?’ ಎಂಬ ಪ್ರಶ್ನೆ ಎದುರಾಗುತ್ತದೆ. ಇವು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವ ದಾರಿಗಳು. 2003ರಲ್ಲಿ ಬಳಕೆಗೆ ಬಂದ ಸಾಟಾ, ಈಗಿನ ರೂಪದಲ್ಲಿ ಸೆಕೆಂಡಿಗೆ ಸುಮಾರು 600 ಮೆಗಾಬೈಟ್ ಸಾಗಿಸಬಲ್ಲದು. 2011ರಲ್ಲಿ ರೂಪುಗೊಂಡ ಎನ್‌ವಿಎಂಇ ದಾರಿಯಲ್ಲಿ 3,000 ಮೆಗಾಬೈಟಿಗೂ ಹೆಚ್ಚು ಸಾಗಬಹುದು.

ಹಾಗೆಂದು ಅವಸರಪಡಬೇಡಿ. ದಾರಿ ಎಷ್ಟು ಅಗಲವಾದರೂ ಎತ್ತಿನ ಗಾಡಿಯ ವೇಗ ಹೆಚ್ಚದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ವೇಗ ಸೆಕೆಂಡಿಗೆ 200 ಮೆಗಾಬೈಟಿನ ಆಸುಪಾಸು. ಅದಕ್ಕೆ ಸಾಟಾ ಧಾರಾಳವಾಗಿ ಸಾಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಮಾತ್ರ ಅಗಲ ದಾರಿಯ ಪ್ರಯೋಜನ.

ಇನ್ನೊಂದು ಎಚ್ಚರಿಕೆ. ‘ಎಂ.2’ ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ಆ ಆಕಾರದಲ್ಲಿ ಸಾಟಾ ಡಿಸ್ಕೂ ಉಂಟು, ಎನ್‌ವಿಎಂಇಯೂ ಉಂಟು. ನಿಮ್ಮ ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆಂದು ಮೊದಲು ಕೇಳಿ ತಿಳಿಯಿರಿ.

ಹಣ ಮಿತವಾಗಿದ್ದರೆ ಕಂಪ್ಯೂಟರ್ ನಡೆಸುವ ತಂತ್ರಾಂಶಕ್ಕೆ ಚಿಕ್ಕದಾದರೂ ಒಂದು ಎಸ್‌ಎಸ್‌ಡಿ ಇರಲಿ. ಪಾಠದ ವಿಡಿಯೋ, ಚಿತ್ರಗಳ ಸಂಗ್ರಹಕ್ಕೆ ಸಾಟಾ ಹಾರ್ಡ್ ಡಿಸ್ಕ್ ಸಾಕು. ಬರವಣಿಗೆ, ಓದು, ಅಂತರಜಾಲದ ಕೆಲಸಗಳಲ್ಲಿ ಎರಡು ಬಗೆಯ ಎಸ್‌ಎಸ್‌ಡಿಗಳ ವ್ಯತ್ಯಾಸ ಅಷ್ಟಾಗಿ ಕಾಣದು. ಬೆಲೆ ಸಮನಾಗಿದ್ದರೆ ಮಾತ್ರ ಎನ್‌ವಿಎಂಇ ಆರಿಸಿ. ಕೊಳ್ಳುವ ಮುನ್ನ ನಿಮ್ಮ ಕೆಲಸವೇನೆಂದು ನೀವೇ ಕೇಳಿಕೊಳ್ಳಿ.