ವಿದ್ಯಾಲಯದ ಆವರಣದಲ್ಲಿ ಪರಿಸರ ಕಲೆ



ಪರಿಸರ ಸಂರಕ್ಷಣೆಯ ಸಂದೇಶವನ್ನು ಜನಮನಕ್ಕೆ ಮುಟ್ಟಿಸಲು ಚಿತ್ರ, ಶಿಲ್ಪ ಮತ್ತು ವಿನ್ಯಾಸಗಳು ಪರಿಣಾಮಕಾರಿ ಸಾಧನಗಳಾಗಿವೆ. ಜೂನ್ 5ರಂದು ವಿಶ್ವ ಪರಿಸರ ದಿನದ ಅಂಗವಾಗಿ ಶಾಲಾ ಕಾಲೇಜುಗಳಲ್ಲಿ ಇಂತಹ ಪ್ರದರ್ಶನಗಳನ್ನು ಏರ್ಪಡಿಸುವುದು ವಾಡಿಕೆ. ಆದರೆ ಮರ ಉಳಿಸಿರೆಂದು ಸಾರುವ ಫ್ಲೆಕ್ಸ್ ಫಲಕವೂ ಥರ್ಮೋಕೋಲಿನಲ್ಲಿ ಕೊರೆದ ಭೂಗೋಲವೂ ಮರುದಿನವೇ ಕಸದ ತೊಟ್ಟಿಯನ್ನು ಸೇರುವುದುಂಟು. ಆದುದರಿಂದ ಕಲಾಕೃತಿಯ ವಿಷಯದಷ್ಟೇ ಅದನ್ನು ರಚಿಸಿದ ಸಾಮಗ್ರಿಯೂ ವಿಚಾರಾರ್ಹವಾದುದು.

ಈ ಮಾತಿಗೆ ಮುಂಬಯಿಯ ಸಯನ್ ಪ್ರದೇಶವು ತಕ್ಕ ನಿದರ್ಶನವಾಗಿದೆ. ಇದರ ಪಕ್ಕದಲ್ಲೇ ಮಿಥಿ ನದಿ ಹರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಗಳ ಅವಧಿಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಿಥಿ ನದಿ ಉಕ್ಕಿ, ನಗರದ ತಗ್ಗು ಪ್ರದೇಶಗಳು ಜಲಾವೃತವಾದವು. ಸಮುದ್ರದ ಭರತ ಮತ್ತು ನದೀಪಾತ್ರದ ಒತ್ತುವರಿಗಳ ಜೊತೆಗೆ, ಚರಂಡಿಗಳಲ್ಲಿ ಸಿಲುಕಿದ ಪ್ಲಾಸ್ಟಿಕ್ ಕೂಡ ನೀರಿನ ಹರಿವಿಗೆ ಅಡ್ಡಿಯಾಯಿತು. ಪ್ರದರ್ಶನ ಮುಗಿದ ಬಳಿಕ ಎಸೆದ ಥರ್ಮೋಕೋಲಿನ ತುಣುಕೂ ಇದೇ ಚರಂಡಿಗಳನ್ನು ಸೇರುತ್ತದೆ ಎಂಬುದನ್ನು ಮರೆಯಲಾಗದು.

ಇದೇ ನದಿಯ ದಂಡೆಯಲ್ಲಿ, ಸಯನ್-ಬಾಂದ್ರಾ ಲಿಂಕ್ ರಸ್ತೆಗೆ ಹೊಂದಿಕೊಂಡು ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಸುಮಾರು 37 ಎಕರೆಗಳ ಈ ಭೂಮಿಯು ಹಿಂದೆ ನಗರದ ಕಸವನ್ನು ಸುರಿಯುವ ಜಾಗವಾಗಿತ್ತು. 1983ರಲ್ಲಿ ಖ್ಯಾತ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರು ಇಲ್ಲಿ ಮೊದಲ ಸಸಿಯನ್ನು ನೆಟ್ಟರು. 1994ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಕಸದ ರಾಶಿಯ ಮೇಲೆ ಬೆಳೆದ ಈ ಕಾಡು ಇಂದು ಪಕ್ಷಿಗಳಿಗೂ ಚಿಟ್ಟೆಗಳಿಗೂ ಆಶ್ರಯವಾಗಿದೆ. ವಿದ್ಯಾರ್ಥಿಗಳು ಇಲ್ಲಿ ನಿಸರ್ಗದ ಪಾಠ ಕಲಿಯುತ್ತಾರೆ. ಇಲ್ಲಿ ಸಂದೇಶವನ್ನು ಸಾರುವುದಕ್ಕೆ ಪ್ರತ್ಯೇಕ ಫಲಕ ಬೇಕಿಲ್ಲ. ಆ ನೆಲದ ಬದಲಾವಣೆಯೇ ಅದನ್ನು ತಿಳಿಸುತ್ತದೆ.

ವಿದ್ಯಾಸಂಸ್ಥೆಗಳಲ್ಲಿ ಇಂತಹ ಪ್ರಯತ್ನ ಹೊಸತೇನಲ್ಲ. ಶಾಂತಿನಿಕೇತನದ ಕಲಾಭವನದಲ್ಲಿ 1930ರ ದಶಕದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಮಣ್ಣಿನಿಂದ ‘ಕಾಲೋ ಬಾಡಿ’ ಎಂಬ ವಿದ್ಯಾರ್ಥಿನಿಲಯವನ್ನು ಕಟ್ಟಿ, ಗೋಡೆಗಳ ಮೇಲೆ ಉಬ್ಬುಚಿತ್ರಗಳನ್ನು ರೂಪಿಸಿ, ಮಳೆಯಿಂದ ರಕ್ಷಿಸಲು ಟಾರು ಬಳಿದರು. ರಾಮಕಿಂಕರ ಬೈಜ್ ಅವರು 1938ರಲ್ಲಿ ‘ಸಂತಾಲ ಕುಟುಂಬ’ ಶಿಲ್ಪವನ್ನು ರಚಿಸಿದಾಗ ದುಬಾರಿ ಕಂಚು ಅಥವಾ ಅಮೃತಶಿಲೆಯನ್ನು ಅವಲಂಬಿಸದೆ, ಸ್ಥಳೀಯ ಕೆಂಪು ಹರಳುಕಲ್ಲನ್ನು ಸಿಮೆಂಟಿನೊಡನೆ ಬೆರೆಸಿ ಬಳಸಿದರು. ಶಾಂತಿನಿಕೇತನವು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕರ್ನಾಟಕದಲ್ಲಿಯೂ ಇದಕ್ಕೆ ಉದಾಹರಣೆಗಳಿವೆ. ಬೆಂಗಳೂರಿನ ಭಾರತೀಯ ಪ್ರಬಂಧ ಸಂಸ್ಥೆಯ ಆವರಣವನ್ನು ವಿನ್ಯಾಸಗೊಳಿಸಿದ ಬಾಲಕೃಷ್ಣ ದೋಷಿ ಅವರು ಸ್ಥಳೀಯ ಕಲ್ಲಿನ ಗೋಡೆಗಳಿಗೆ ಗಾರೆ ಬಳಿಯದೆ ಹಾಗೆಯೇ ಬಿಟ್ಟರು. ನಡೆದಾಡುವ ಪಡಸಾಲೆಗಳಿಗೆ ಬೆಳಕು, ಗಾಳಿ ಮತ್ತು ಹಸಿರು ಬರುವಂತೆ ಏರ್ಪಡಿಸಿದರು. ಕರಾವಳಿ ಮತ್ತು ಕೊಂಕಣದ ದೇವಾಲಯಗಳಲ್ಲಿರುವ ಕಾವಿ ಕಲೆಯೂ ಸ್ಮರಣೀಯ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರವನ್ನು ಬಳಿದು, ಹಸಿಯಿರುವಾಗಲೇ ಕೆರೆದು ಬಿಳಿಯ ಚಿತ್ತಾರವನ್ನು ಮೂಡಿಸುವುದು ಇದರ ಕ್ರಮ. ಸುಣ್ಣ ಮತ್ತು ಮಣ್ಣಷ್ಟೇ ಸಾಕಾಗುವ ಈ ವಿಧಾನವು ಕಾಲೇಜಿನ ಆವರಣ ಗೋಡೆಗೂ ಒಪ್ಪುತ್ತದೆ.

ಆದಕಾರಣ ಯಾವುದೇ ಕಲಾಕೃತಿಯನ್ನು ಆರಂಭಿಸುವ ಮುನ್ನ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಸಾಮಗ್ರಿ ಎಲ್ಲಿಂದ ಬಂತು? ಎಷ್ಟು ಕಾಲ ಬಾಳುತ್ತದೆ? ಬಿಸಿಲು ಮಳೆಗಳಲ್ಲಿ ಇದನ್ನು ಕಾಪಾಡುವವರು ಯಾರು? ಉಪಯೋಗ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಫ್ಲೆಕ್ಸ್ ಬದಲಿಗೆ ಹತ್ತಿಬಟ್ಟೆಯ ಮೇಲೆ ಬರೆದರೆ ಅದನ್ನು ಒಗೆದು ಮತ್ತೆ ಬಳಸಬಹುದು. ಪ್ರಯೋಗಾಲಯದ ಒಡೆದ ಹೆಂಚು, ಮುರಿದ ಮೇಜಿನ ಹಲಗೆ, ತುಕ್ಕು ಹಿಡಿದ ಕಬ್ಬಿಣ ಇವೂ ಶಿಲ್ಪಕ್ಕೆ ಸಾಮಗ್ರಿಯಾಗಬಲ್ಲವು. ಚಂಡೀಗಢದಲ್ಲಿ ನೇಕ್ ಚಂದ್ ಅವರು ಇಂತಹ ತ್ಯಾಜ್ಯದಿಂದಲೇ ನಿರ್ಮಿಸಿದ ಶಿಲೋದ್ಯಾನವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆದರೆ ಅಲಂಕಾರಕ್ಕೆಂದು ಮರಗಳಿಗೆ ಮೊಳೆ ಹೊಡೆಯುವುದು, ಕಾಂಡಕ್ಕೆ ಎಣ್ಣೆಬಣ್ಣ ಬಳಿಯುವುದು, ಬುಡಕ್ಕೆ ಕಾಂಕ್ರೀಟ್ ಹಾಕುವುದು ಸರ್ವಥಾ ಸಲ್ಲದು.

ಕಾನೂನೂ ಈ ದಿಶೆಯಲ್ಲಿ ಹೆಜ್ಜೆಯಿಟ್ಟಿದೆ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಹಾಗೂ 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಮತ್ತು ಪಿವಿಸಿ ಬ್ಯಾನರುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ಕಾನೂನು ಒಂದು ವಸ್ತುವನ್ನು ತಡೆಯಬಹುದೇ ಹೊರತು, ಅದರ ಬದಲಿಗೆ ಏನನ್ನು ರಚಿಸಬೇಕೆಂಬುದನ್ನು ಹೇಳಲಾರದು. ಆ ಕೆಲಸ ಅಧ್ಯಾಪಕರದು, ವಿದ್ಯಾರ್ಥಿಗಳದು ಮತ್ತು ಕಲಾವಿದರದು. ಪ್ರತಿಯೊಂದು ವಿದ್ಯಾಲಯವೂ ತನ್ನ ಆವರಣದ ಮಣ್ಣು, ಮಳೆ ಮತ್ತು ಮರಗಳನ್ನು ಅರಿತು ಕಲೆಯನ್ನು ರೂಪಿಸಲಿ. ಅದನ್ನು ಕಾಪಾಡುವ ಹೊಣೆಯನ್ನು ಒಂದು ತಂಡದಿಂದ ಮುಂದಿನ ತಂಡಕ್ಕೆ ಒಪ್ಪಿಸುತ್ತ ಹೋಗಲಿ.